ಕೂತ ಸೀಟು ಕೂತಲ್ಲೇ ಇರಲಿ

ಚಾಮುಂಡಿ ಬೆಟ್ಟದ ಬುಡದಲ್ಲಿ ಸೈಕಲ್ ಹತ್ತಿದಾಗ ನಮ್ಮ ಸೀಟು ಸರಿಯಾದ ಎತ್ತರದಲ್ಲೇ ಇತ್ತು. ಮೇಲೆ ತಲುಪಿ ನೋಡಿದ್ರೆ ನಾಲ್ಕು ಬೆರಳಷ್ಟು ಕೆಳಗೆ ಹೋಗಿತ್ತು. ನಾವು ಬೆಟ್ಟ ಹತ್ತಿದ್ವಿ, ಸೀಟು ಇಳಿದಿತ್ತು.

ಮೊದಲು ನಮ್ಮ ಪರಿಚಯ. 'ನಾವು' ಅಂದ್ರೆ ಹಾಸ್ಟೆಲಿನ ಒಂದೇ ರೂಮಿನ ಮೂವರು. ಒಬ್ಬ ವಿಜಯಪುರದವನು, ಒಬ್ಬ ಮಂಡ್ಯ ಕಡೆಯ ಹಳ್ಳಿಯವನು, ಒಬ್ಬ ಬೆಂಗಳೂರಿನವನು. ಮೂವರೂ ಇಂಗ್ಲಿಷ್ ಮೀಡಿಯಂ ಗಿರಾಕಿಗಳು, ಆದ್ದರಿಂದ ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಕ್ಷಮೆ ಇರಲಿ. ಮೂವರಿಗೂ ಸೇರಿ ಇರೋದು ಒಂದೇ ಸೈಕಲ್. ಕೋರ್ಸ್ ಮುಗಿಸಿ ಹೋದ ಸೀನಿಯರ್ ಒಬ್ಬರಿಂದ 3000 ರೂಪಾಯಿಗೆ ತಗೊಂಡಿದ್ದು. ಗೇರ್ ಇದೆ, ಬ್ರೇಕ್ ಇದೆ, ಬೆಲ್ ಇಲ್ಲ. ಸೀಟು ಮಾತ್ರ ತನಗಿಷ್ಟ ಬಂದಲ್ಲಿ ಇರುತ್ತೆ.

ಮೊದಮೊದಲು ಇದು ನಮಗೆ ತಮಾಷೆಯಾಗಿತ್ತು. ಆಮೇಲೆ ಎರಡು ವಿಷಯ ಆಯ್ತು. ವಿಜಯಪುರದವನು ನಮ್ಮಲ್ಲಿ ಎಲ್ಲರಿಗಿಂತ ಉದ್ದ. ಅವನಿಗೆ ಮಂಡಿಯ ಮುಂಭಾಗದಲ್ಲಿ ನೋವು ಶುರುವಾಯ್ತು. ಹಾಸ್ಟೆಲಿನ ಮೂರನೇ ಮಹಡಿಯಿಂದ ಇಳಿಯುವಾಗ ರೇಲಿಂಗ್ ಹಿಡ್ಕೊಂಡು ಬರ್ತಿದ್ದ. ಮನೆಯವರು "ಸ್ಕ್ಯಾನ್ ಮಾಡ್ಸು, ಸೈಕಲ್ ಬಿಡು" ಅಂದ್ರು. ಅವನ ವಾದ ಬೇರೆ: "ನಮ್ಮ ಕಡೆ ಮಂದಿ ಹುಟ್ಟೋದ ಸೈಕಲ್ ಮ್ಯಾಲ. ಸೈಕಲ್ ಬಿಡು ಅಂದ್ರ ಹೆಂಗ?" ಎರಡನೆಯದು, ಬೆಂಗಳೂರಿನವನು ರಿಂಗ್ ರೋಡಿನಲ್ಲಿ ಒಂದು ಬಸ್ಸಿಗೆ ದಾರಿ ಬಿಡೋಕೆ ಪಕ್ಕಕ್ಕೆ ಸರಿದಾಗ ಸೀಟು ಇದ್ದಕ್ಕಿದ್ದಂತೆ ಎಡಕ್ಕೆ ತಿರುಗಿಬಿಡ್ತು. ಬಿದ್ದಿದ್ದು ಮಣ್ಣಿನ ಕಡೆಗೆ, ಅದೊಂದು ಪುಣ್ಯ. ಅವತ್ತು ರಾತ್ರಿ ಮೂವರೂ ಕೂತು ತೀರ್ಮಾನ ಮಾಡಿದ್ವಿ: ಎಂಜಿನಿಯರಿಂಗ್ ಓದ್ತಿದೀವಿ ಅಂತ ಹೇಳ್ಕೊಳ್ಳೋರು ಒಂದು ಸೀಟನ್ನ ಒಂದು ಕಡೆ ನಿಲ್ಲಿಸದೇ ಹೋದ್ರೆ ಮರ್ಯಾದೆ ಇರಲ್ಲ.

ಆ ಪ್ರಯತ್ನದಲ್ಲಿ ನಾವು ಕಲಿತದ್ದು, ಕೆಡಿಸಿದ್ದು ಎರಡನ್ನೂ ಇಲ್ಲಿ ಬರೀತಿದೀವಿ.

ಸೀಟು ಜಾರೋದು ನಾಲ್ಕು ಥರ

"ಸೀಟು ಲೂಸ್ ಇದೆ" ಅಂತ ಎಲ್ಲಾರೂ ಒಂದೇ ಮಾತಲ್ಲಿ ಹೇಳ್ತಾರೆ. ಆದರೆ ಎಲ್ಲಿ ಲೂಸ್ ಅನ್ನೋದು ಮುಖ್ಯ. ಡಾಕ್ಟರ್ ಹತ್ರ ಹೋಗಿ "ನೋವಿದೆ" ಅಂದ್ರೆ ಸಾಕಾಗಲ್ಲ ತಾನೇ?

ಒಂದು, ಸೀಟು ಕೆಳಗಿಳಿಯೋದು. ಸೀಟನ್ನು ಹೊತ್ತಿರೋ ಕೊಳವೆಗೆ ಸೀಟ್ ಪೋಸ್ಟ್ ಅಂತಾರೆ. ಅದು ಫ್ರೇಮಿನ ಕೊಳವೆಯೊಳಗೆ ಇಷ್ಟಿಷ್ಟೇ ಇಳೀತಾ ಹೋಗುತ್ತೆ. ಎರಡು, ಸೀಟು ಎಡಕ್ಕೋ ಬಲಕ್ಕೋ ತಿರುಗೋದು. ಇದೂ ಅದೇ ಜಾಗದ ತೊಂದರೆ. ಮೂರು, ಸೀಟಿನ ಮೂಗು ಮೇಲಕ್ಕೆ ಏಳೋದು ಅಥವಾ ಕೆಳಕ್ಕೆ ಬಾಗೋದು. ಇದು ಸೀಟಿಗೂ ಪೋಸ್ಟಿಗೂ ಸೇರೋ ಜಾಗದ ತೊಂದರೆ. ನಾಲ್ಕು, ಸೀಟು ತನ್ನ ಅಡಿಯಲ್ಲಿರೋ ಎರಡು ಕಂಬಿಗಳ ಮೇಲೆ ಹಿಂದೆ ಮುಂದೆ ಸರಿಯೋದು. ಇದೂ ಮೇಲಿನ ಜಾಗದ್ದೇ.

ಅಂದ್ರೆ ನಾಲ್ಕು ರೋಗ, ಎರಡು ಜಾಗ. ಮೊದಲ ಎರಡಕ್ಕೆ ಫ್ರೇಮಿನ ಹತ್ರ ಇರೋ ಕ್ಲ್ಯಾಂಪ್ ನೋಡಬೇಕು. ಕೊನೆಯ ಎರಡಕ್ಕೆ ಸೀಟಿನ ಕೆಳಗಿರೋ ಕ್ಲ್ಯಾಂಪ್ ನೋಡಬೇಕು. ನಾವು ಮೊದಲ ವಾರ ಪೂರ್ತಿ ಮೇಲಿನ ಬೋಲ್ಟ್ ಬಿಗಿ ಮಾಡಿದ್ವಿ. ಜಾರ್ತಿದ್ದಿದ್ದು ಕೆಳಗೆ.

ಒಂದು ಸಣ್ಣ ಬೋಲ್ಟು ನಮ್ಮನ್ನ ಹೊರೋದು ಹೇಗೆ?

ಸೀಟ್ ಪೋಸ್ಟ್ ಕೆಳಗೆ ಬೀಳದಂತೆ ಅಡಿಯಲ್ಲಿ ಏನೂ ಆಸರೆ ಇರಲ್ಲ. ಅದನ್ನ ಹಿಡಿದಿರೋದು ಘರ್ಷಣೆ ಮಾತ್ರ. ಫ್ರೇಮಿನ ಕೊಳವೆಯ ಬಾಯಲ್ಲಿ ಒಂದು ಸೀಳು ಇರುತ್ತೆ. ಅದರ ಸುತ್ತ ಕಾಲರ್ ಥರ ಒಂದು ಉಂಗುರ. ಬೋಲ್ಟ್ ತಿರುಗಿಸಿದ್ರೆ ಉಂಗುರ ಬಿಗಿಯಾಗುತ್ತೆ, ಸೀಳು ಮುಚ್ಚುತ್ತೆ, ಕೊಳವೆ ಪೋಸ್ಟನ್ನ ಸುತ್ತಲಿಂದ ಅಪ್ಪಿಕೊಳ್ಳುತ್ತೆ.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ, ಮೊದಲ ವರ್ಷದ ಮೆಕ್ಯಾನಿಕ್ಸ್ ಅಷ್ಟೇ. ಕ್ಲ್ಯಾಂಪಿನ ಬೋಲ್ಟು ಸಾಮಾನ್ಯವಾಗಿ 5 ಅಥವಾ 6 ಮಿಲಿಮೀಟರ್ ದಪ್ಪ ಇರುತ್ತೆ. ನಮ್ಮದು 6. ಅದಕ್ಕೆ 6 ನ್ಯೂಟನ್-ಮೀಟರ್ ಟಾರ್ಕ್ ಕೊಟ್ವಿ ಅಂದುಕೊಳ್ಳಿ. ಬೋಲ್ಟಿನಲ್ಲಿ ಹುಟ್ಟೋ ಎಳೆತ ಎಷ್ಟು ಅಂತ ಅಂದಾಜು ಮಾಡೋಕೆ, ಟಾರ್ಕನ್ನ ಬೋಲ್ಟಿನ ದಪ್ಪದಿಂದಲೂ 0.2 ಅನ್ನೋ ಒಂದು ಅಂಕೆಯಿಂದಲೂ ಭಾಗಿಸ್ತಾರೆ. 6 ಭಾಗಿಸು 0.006, ಭಾಗಿಸು 0.2. ಉತ್ತರ 5000 ನ್ಯೂಟನ್. ಅಂದ್ರೆ ಸುಮಾರು 500 ಕೆಜಿ ತೂಕ ನೇತು ಹಾಕಿದಷ್ಟು ಎಳೆತ! ಬೆರಳು ದಪ್ಪವೂ ಇಲ್ಲದ ಬೋಲ್ಟು, ಅಂಗೈಯಷ್ಟು ಉದ್ದದ ಅಲೆನ್ ಕೀ. ನಾವು ಮೂರು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದ್ವಿ, ಅಷ್ಟೇ ಬಂತು.

ಉಂಗುರದ ಎಳೆತ 5000 ಆದರೆ, ಅದು ಪೋಸ್ಟನ್ನ ಸುತ್ತಲೂ ಒತ್ತೋ ಒಟ್ಟು ಬಲ ಅದರ ಎರಡು ಪೈ ಪಟ್ಟು, ಸುಮಾರು 31,400 ನ್ಯೂಟನ್. ಘರ್ಷಣೆಯ ಗುಣಾಂಕ 0.15 ಅಂತ ಹಿಡಿದ್ರೂ 4700 ನ್ಯೂಟನ್ ತನಕ ಪೋಸ್ಟ್ ಜಾರಬಾರದು. 70 ಕೆಜಿ ಮನುಷ್ಯನ ತೂಕ 690 ನ್ಯೂಟನ್. ಗುಂಡಿಗೆ ಬಿದ್ದಾಗ ಅದರ ಮೂರು ಪಟ್ಟು ಬಿತ್ತು ಅಂದ್ರೂ 2070. ಪುಸ್ತಕದ ಪ್ರಕಾರ ಸೀಟು ಜಾರೋಕೆ ಸಾಧ್ಯವೇ ಇಲ್ಲ.

ಆದರೆ ಜಾರ್ತಿದೆ. ಹಾಗಾದರೆ ಆ ಬಲವನ್ನ ನಡುವಲ್ಲಿ ಯಾರೋ ತಿಂತಿದಾರೆ. ಯಾರು ಅಂತ ಹುಡುಕೋದೇ ರಿಪೇರಿ.

ತಿರುಗಿದ್ರೆ ಇಳಿಯುತ್ತೆ

ಕಳ್ಳನನ್ನ ಹಿಡಿಯೋ ಮುಂಚೆ ಒಂದು ವಿಷಯ. ಇದನ್ನ ಕಂಡುಹಿಡಿದಾಗ ನಮಗೇ ಖುಷಿ ಆಯ್ತು. ಸೀಟು ಇಳಿಸಬೇಕಾದ್ರೆ ನೀವು ಏನು ಮಾಡ್ತೀರಿ? ಬರೀ ಒತ್ತಲ್ಲ. ಎಡಕ್ಕೆ ಬಲಕ್ಕೆ ತಿರುಗಿಸ್ತಾ ಒತ್ತೀರಿ. ಯಾಕೆ? ಘರ್ಷಣೆ ಯಾವಾಗಲೂ ವಸ್ತು ಜಾರೋ ದಿಕ್ಕಿಗೆ ಎದುರಾಗಿ ನಿಲ್ಲುತ್ತೆ. ಅದರ ಶಕ್ತಿಗೆ ಒಂದು ಮಿತಿ ಇದೆ. ತಿರುಗೋದನ್ನ ತಡೆಯೋಕೆ ಅಷ್ಟೂ ಶಕ್ತಿ ಖರ್ಚಾದ್ರೆ ಇಳಿಯೋದನ್ನ ತಡೆಯೋಕೆ ಉಳಿಯೋದು ಚೂರೇ ಚೂರು.

ಪೆಡಲ್ ಹೊಡೆಯುವಾಗ ತೊಡೆ ಸೀಟಿನ ಮೂಗಿಗೆ ತಾಗ್ತಾನೇ ಇರುತ್ತೆ. ಮೂಗು ಪೋಸ್ಟಿನಿಂದ 15 ಸೆಂಟಿಮೀಟರ್ ಮುಂದೆ ಇದ್ದು, ತೊಡೆ 100 ನ್ಯೂಟನ್ ಬಲದಿಂದ ತಳ್ಳಿದ್ರೆ 15 ನ್ಯೂಟನ್-ಮೀಟರ್ ಆಯ್ತು. ಮೇಲಿನ ಲೆಕ್ಕದ ಹಿಡಿತ ಪೂರ್ತಿ ಇದ್ದಾಗ 25.4 ಮಿಮೀ ಪೋಸ್ಟು ಸುಮಾರು 60 ನ್ಯೂಟನ್-ಮೀಟರ್ ತಡೆಯುತ್ತೆ, ಏನೂ ತೊಂದರೆ ಇಲ್ಲ. ಹಿಡಿತ ಐದರಲ್ಲಿ ಒಂದು ಪಾಲಿಗೆ ಇಳೀತು ಅಂದುಕೊಳ್ಳಿ. ಆಗ ತಿರುಗೋದನ್ನ ತಡೆಯೋ ಶಕ್ತಿ 12, ಸೋಲ್ತು. ಇಳಿಯೋದನ್ನ ತಡೆಯೋ ಶಕ್ತಿ 940 ನ್ಯೂಟನ್, ಅಂದ್ರೆ ಸುಮ್ಮನೆ ಕೂತ ಮನುಷ್ಯನನ್ನ ಇನ್ನೂ ಹೊರುತ್ತೆ.

ಇದರಿಂದ ಒಂದು ಉಪಯೋಗದ ಪಾಠ ಇದೆ. ಹಿಡಿತ ಕಮ್ಮಿಯಾಗ್ತಾ ಬಂದಾಗ ಸೀಟು ಮೊದಲು ತಿರುಗುತ್ತೆ, ಆಮೇಲೆ ಇಳಿಯುತ್ತೆ. ಸೀಟಿನ ಮೂಗು ಒಂದು ಬೆರಳು ಆಕಡೆ ಈಕಡೆ ಆಗಿದ್ರೆ ಕೈಯಲ್ಲಿ ನೇರ ಮಾಡಿಕೊಂಡು ಹೊರಟುಬಿಡಬೇಡಿ. ಅದು ಮುನ್ಸೂಚನೆ. ಬೆಂಗಳೂರಿನವನು ಬೀಳೋ ಮುಂಚೆ ಒಂದು ವಾರ ದಿನಾ ಬೆಳಿಗ್ಗೆ ಹಾಗೇ ಕೈಯಲ್ಲಿ ನೇರ ಮಾಡ್ಕೊಂಡು ಹೋಗ್ತಿದ್ದ.

ನಾವು ಮಾಡಿದ ತಪ್ಪುಗಳು

ಮೊದಲ ತಪ್ಪು, ಶಕ್ತಿ ಪ್ರದರ್ಶನ. ಅಲೆನ್ ಕೀ ತುದಿಗೆ ಒಂದು ಕಬ್ಬಿಣದ ಪೈಪ್ ಸಿಕ್ಕಿಸಿ ಎಳೆದ್ವಿ. ಟಕ್ ಅಂತು. ಬೋಲ್ಟಿನ ತಲೆ ಕೈಗೆ ಬಂತು. ಲೆಕ್ಕ ಹೀಗಿದೆ: 8 ಸೆಂಟಿಮೀಟರ್ ಉದ್ದದ ಅಲೆನ್ ಕೀ ತುದಿಯಲ್ಲಿ 7.5 ಕೆಜಿಯಷ್ಟು ಒತ್ತಿದ್ರೆ 6 ನ್ಯೂಟನ್-ಮೀಟರ್ ಬಂದುಬಿಡುತ್ತೆ. 40 ಸೆಂಟಿಮೀಟರ್ ಪೈಪಿಗೆ ಅಷ್ಟೇ ಒತ್ತಿದ್ರೂ 30 ಆಗುತ್ತೆ. ಆ ಬೋಲ್ಟು ಪಾಪ ಏನು ಮಾಡೀತು? ಬಹಳಷ್ಟು ಕ್ಲ್ಯಾಂಪುಗಳ ಮೇಲೆ ಎಷ್ಟು ಟಾರ್ಕ್ ಅಂತ ಸಣ್ಣದಾಗಿ ಕೊರೆದಿರ್ತಾರೆ. ನಾವು ಅದನ್ನ ಓದಿದ್ದು ಬೋಲ್ಟ್ ಮುರಿದ ಮೇಲೆ.

ಎರಡನೇ ತಪ್ಪು, ಪೋಸ್ಟಿಗೆ ಬಟ್ಟೆ ಸುತ್ತಿದ್ದು. ಬಟ್ಟೆ ಹಿಂಡಿಕೊಳ್ಳುತ್ತೆ, ನೀರು ಹಿಡಿದಿಟ್ಕೊಳ್ಳುತ್ತೆ, ಒಳಗೆ ತುಕ್ಕು ತರುತ್ತೆ. ಎರಡು ದಿನ ಸರಿ ಇತ್ತು, ಮೂರನೇ ದಿನ ಮೊದಲಿನ ಥರಾನೇ ಆಯ್ತು.

ಮೂರನೇ ತಪ್ಪು, ಸ್ಪ್ರಿಂಗ್ ವಾಷರ್ ಹಾಕಿದ್ರೆ ಬೋಲ್ಟು ಸಡಿಲ ಆಗಲ್ಲ ಅಂತ ನಂಬಿದ್ದು. ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಎಂಜಿನಿಯರ್ 1969ರಲ್ಲೇ ಪ್ರಯೋಗ ಮಾಡಿ ತೋರಿಸಿದ್ರು: ಬೋಲ್ಟು ತಾನಾಗಿ ಬಿಚ್ಚಿಕೊಳ್ಳೋಕೆ ದೊಡ್ಡ ಕಾರಣ ಅಡ್ಡಡ್ಡ ಕುಲುಕಾಟ. ಜೋಡಿಸಿದ ಭಾಗಗಳು ಒಂದರ ಮೇಲೊಂದು ಪಕ್ಕಕ್ಕೆ ಜಾರೋಕೆ ಶುರುವಾದ್ರೆ ಥ್ರೆಡ್ಡಿನ ಹಿಡಿತವೂ ತಪ್ಪಿ ಬೋಲ್ಟು ನಿಧಾನಕ್ಕೆ ಹಿಂದಕ್ಕೆ ತಿರುಗುತ್ತೆ. ಮತ್ತೆ ಅದೇ ಕಥೆ ನೋಡಿ, ಒಂದು ದಿಕ್ಕಿಗೆ ಜಾರಿದ್ರೆ ಇನ್ನೊಂದು ದಿಕ್ಕಿನ ಹಿಡಿತವೂ ಹೋಗುತ್ತೆ. ಇದಕ್ಕೆ ಮದ್ದು ಬೋಲ್ಟಿನಲ್ಲಿ ಸಾಕಷ್ಟು ಎಳೆತ ಇಡೋದು. ವಾಷರ್ ಬರೀ ಸಮಾಧಾನಕ್ಕೆ.

ಕಳ್ಳ ಸಿಕ್ಕಿದ್ದು ಲ್ಯಾಬಿನಲ್ಲಿ

ಮುರಿದ ಬೋಲ್ಟು ತಗೊಂಡು ಕಾಲೇಜಿನ ಹಿಂದಿನ ಸೈಕಲ್ ಅಂಗಡಿಗೆ ಹೋದ್ವಿ. ಅಲ್ಲಿನ ಯಜಮಾನರು ಪೋಸ್ಟನ್ನ ಒಂದು ಸಲ ಕೈಯಲ್ಲಿ ಅಲ್ಲಾಡಿಸಿದ್ರು. "ಬಿಗಿ ಮಾಡೋದಲ್ಲ ಕಣ್ರಪ್ಪಾ, ಸೈಜ್ ನೋಡ್ಬೇಕು" ಅಂದ್ರು. ಅಷ್ಟೇ. ಮತ್ತೊಂದು ಗಿರಾಕಿ ಬಂದ್ರು, ಅವರು ಆಕಡೆ ಹೋದ್ರು.

ಮಾರನೇ ದಿನ ಪೋಸ್ಟ್ ಬಿಚ್ಚಿ ಬ್ಯಾಗಿಗೆ ಹಾಕ್ಕೊಂಡು ಲ್ಯಾಬಿಗೆ ಹೋಗಿ, ಸರ್ ಹತ್ರ ಪರ್ಮಿಷನ್ ಕೇಳಿ ವರ್ನಿಯರ್ ಕ್ಯಾಲಿಪರ್ ಹಿಡಿದ್ವಿ. ಮೊದಲ ಸೆಮಿಸ್ಟರಿನಲ್ಲಿ ಯಾವುದೋ ಸಿಲಿಂಡರ್ ಅಳೆದು, ಪಕ್ಕದವನ ರೀಡಿಂಗ್ ನೋಡಿ ರೆಕಾರ್ಡ್ ಬರೆದಿದ್ವಿ. ಈ ಸಲ ಮೂವರೂ ಬೇರೆ ಬೇರೆಯಾಗಿ ನಿಜವಾಗಿ ಅಳೆದ್ವಿ. ಪೋಸ್ಟು 25.0 ಮಿಮೀ. ಸಂಜೆ ಕ್ಯಾಲಿಪರ್ ಸಮೇತ ಸೈಕಲ್ ಸ್ಟ್ಯಾಂಡಿಗೆ ಹೋಗಿ ಫ್ರೇಮಿನ ಬಾಯಿ ಅಳೆದ್ರೆ 25.4 ಮಿಮೀ.

ಸೀನಿಯರ್ ಯಾವಾಗಲೋ ಪೋಸ್ಟ್ ಬದಲಿಸಿದ್ರು, ಅಳತೆ ನೋಡಿರಲಿಲ್ಲ. 0.4 ಮಿಲಿಮೀಟರ್, ನಾಲ್ಕೈದು ಹಾಳೆಯ ದಪ್ಪ! ಇದರಿಂದ ಏನಾಗುತ್ತೆ ಅನ್ನಿಸಬಹುದು. ಆದರೆ ವ್ಯಾಸದಲ್ಲಿ 0.4 ಕಮ್ಮಿ ಅಂದ್ರೆ ಸುತ್ತಳತೆಯಲ್ಲಿ ಪೈ ಪಟ್ಟು ಕಮ್ಮಿ, ಅಂದ್ರೆ 1.26 ಮಿಮೀ. ಫ್ರೇಮಿನ ಸೀಳು ಅಷ್ಟು ಮುಚ್ಚಿದ ಮೇಲೆ ಮಾತ್ರ ಕೊಳವೆ ಪೋಸ್ಟನ್ನ ಪೂರ್ತಿ ಸುತ್ತೋಕೆ ಶುರು ಮಾಡುತ್ತೆ. ಬೋಲ್ಟಿನ ಎಳೆತವೆಲ್ಲ ಸ್ಟೀಲ್ ಕೊಳವೆಯನ್ನ ಬಗ್ಗಿಸೋಕೇ ಖರ್ಚು. ಪೋಸ್ಟಿಗೆ ತಲುಪೋದು ಉಳಿದಿದ್ದು. ನಮ್ಮ 5000 ನ್ಯೂಟನ್ ತಿಂದ ಕಳ್ಳ ಇವನೇ.

ಸೀಟ್ ಪೋಸ್ಟುಗಳ ಅಳತೆ ಹೆಚ್ಚಾಗಿ 0.2 ಮಿಮೀ ಹೆಜ್ಜೆಗಳಲ್ಲಿ ಬರುತ್ತೆ. ಸಾಧಾರಣ ಸೈಕಲ್ಲುಗಳಲ್ಲಿ 25.4, ಸ್ವಲ್ಪ ಮೇಲಿನ ದರ್ಜೆಯವುಗಳಲ್ಲಿ 27.2, 30.9, 31.6 ಹೆಚ್ಚು ಕಾಣ್ತವೆ. ಪೋಸ್ಟಿನ ಕೆಳಭಾಗದಲ್ಲಿ ಅಳತೆ ಕೊರೆದಿರ್ತಾರೆ. ಅಲ್ಲೇ ಒಂದು ಗೆರೆಯೂ ಇರುತ್ತೆ. ಆ ಗೆರೆ ಯಾವತ್ತೂ ಫ್ರೇಮಿನಿಂದ ಹೊರಗೆ ಕಾಣಬಾರದು. ಕಂಡ್ರೆ ಪೋಸ್ಟ್ ಒಳಗೆ ಇರಬೇಕಾದಷ್ಟು ಇಲ್ಲ ಅಂತ ಅರ್ಥ. ಫ್ರೇಮೇ ಸೀಳಬಹುದು.

ಹೊಸ ಪೋಸ್ಟ್ ಬರೋ ತನಕ ನಾವು ಮಾಡಿದ ಉಪಾಯ: ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ. ಅದರ ಗೋಡೆಯ ದಪ್ಪ ಸುಮಾರು 0.1 ಮಿಮೀ. ಒಂದು ಸುತ್ತು ಸುತ್ತಿದ್ರೆ ಎರಡೂ ಬದಿಗೆ ಸೇರಿ ವ್ಯಾಸ 0.2 ಹೆಚ್ಚುತ್ತೆ. ಎರಡು ಸುತ್ತಿಗೆ 0.4, ನಮಗೆ ಬೇಕಾದಷ್ಟೇ. ಕತ್ತರಿಸುವಾಗ ಬೆರಳು ಜೋಪಾನ, ಅಂಚು ಬ್ಲೇಡಿನ ಥರ ಇರುತ್ತೆ. ಮೇಲ್ತುದಿಯನ್ನ ಸ್ವಲ್ಪ ಹೊರಕ್ಕೆ ಮಡಚಿದ್ರೆ ತಗಡು ಒಳಗೆ ಜಾರಿ ಹೋಗಲ್ಲ. ಎರಡು ವಾರ ಸೀಟು ಕದಲಲಿಲ್ಲ. ಆಮೇಲೆ ಸರಿಯಾದ 25.4ರ ಪೋಸ್ಟ್ ಹಾಕಿದ್ವಿ.

ಸರಿಯಾಗಿ ಬಿಗಿ ಮಾಡೋದು ಹೀಗೆ

ಅಳತೆ ಸರಿ ಇದ್ದೂ ಜಾರ್ತಿದ್ರೆ ಈ ಕ್ರಮದಲ್ಲಿ ನೋಡಿ.

1. ಪೋಸ್ಟ್ ಪೂರ್ತಿ ಹೊರಗೆ ತೆಗೀರಿ. ಹಳೇ ಗ್ರೀಸ್, ಮಣ್ಣು, ತುಕ್ಕಿನ ಪುಡಿ ಎಲ್ಲಾ ಒರೆಸಿ. ಕೊಳವೆಯ ಒಳಗೂ ಬಟ್ಟೆ ಹಾಕಿ ತಿರುಗಿಸಿ. ಸೀಮೆಎಣ್ಣೆ ಬಳಸಿದ್ರೆ ಆಮೇಲೆ ಸೋಪಿನ ನೀರಲ್ಲಿ ಒರೆಸಿ ಒಣಗಿಸಿ, ಇಲ್ಲಾಂದ್ರೆ ಅದೇ ಜಿಡ್ಡಾಗಿ ಉಳಿಯುತ್ತೆ.

2. ಕ್ಲ್ಯಾಂಪಿನ ಬೋಲ್ಟ್ ಬಿಚ್ಚಿ ಥ್ರೆಡ್ಡಿಗೂ ತಲೆಯ ಅಡಿಗೂ ಒಂದು ಚಿಟಿಕೆ ಗ್ರೀಸ್ ಹಚ್ಚಿ. "ಜಾರೋದಕ್ಕೆ ಗ್ರೀಸಾ?" ಅಂತ ನಾವೂ ಕೇಳಿದ್ವಿ. ತುಕ್ಕು ಹಿಡಿದ ಬೋಲ್ಟಿನಲ್ಲಿ ನಮ್ಮ ಟಾರ್ಕೆಲ್ಲ ಥ್ರೆಡ್ಡಿನ ಘರ್ಷಣೆಗೇ ಹೋಗುತ್ತೆ. ಮೇಲಿನ ಲೆಕ್ಕದ 0.2 ಅನ್ನೋ ಅಂಕೆ 0.3 ಆದ್ರೆ ಅದೇ ಟಾರ್ಕಿಗೆ 5000 ಬದಲು 3300 ನ್ಯೂಟನ್ ಮಾತ್ರ ಸಿಗುತ್ತೆ. ಕೈಗೆ ಬಿಗಿ ಅನ್ಸುತ್ತೆ, ಪೋಸ್ಟಿಗೆ ಅನ್ಸಲ್ಲ.

3. ಲೋಹದ ಪೋಸ್ಟು, ಲೋಹದ ಫ್ರೇಮು ಆದ್ರೆ ಪೋಸ್ಟಿಗೂ ತೆಳ್ಳಗೆ ಗ್ರೀಸ್ ಒರೆಸಿ. ಒಣಗಾಗಿ ವರ್ಷಗಟ್ಟಲೆ ಬಿಟ್ರೆ, ಅದರಲ್ಲೂ ಸ್ಟೀಲ್ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ರೆ, ಎರಡೂ ಕಚ್ಚಿಕೊಂಡು ಮತ್ತೆ ಬಿಡಿಸೋಕೇ ಆಗಲ್ಲ. ಅಳತೆ, ಕ್ಲ್ಯಾಂಪ್ ಎರಡೂ ಸರಿ ಇದ್ದು ಇನ್ನೂ ಜಾರಿದ್ರೆ ಸಣ್ಣ ಹರಳು ಸೇರಿಸಿದ ಅಸೆಂಬ್ಲಿ ಪೇಸ್ಟ್ ಸಿಗುತ್ತೆ, ಗ್ರೀಸ್ ಬದಲು ಅದು. ಕಾರ್ಬನ್ ಪೋಸ್ಟ್ ಆದ್ರೆ ಗ್ರೀಸ್ ಬೇಡವೇ ಬೇಡ, ಆ ಪೇಸ್ಟೇ ಬೇಕು. (ಕಾರ್ಬನ್ ಪೋಸ್ಟ್ ಇರೋರು ನಮ್ಮನ್ನ ಒಂದು ರೌಂಡ್ ಓಡಿಸೋಕೆ ಬಿಡಿ.)

4. ಕಾಲರಿನ ಸೀಳು ಮತ್ತು ಫ್ರೇಮಿನ ಸೀಳು ನೋಡಿ. ಬೋಲ್ಟ್ ಬಿಗಿಯಾದ ಮೇಲೂ ಸೀಳಿನಲ್ಲಿ ಸ್ವಲ್ಪ ಜಾಗ ಉಳಿದಿರಬೇಕು. ಕಾಲರಿನ ಎರಡು ತುಟಿ ಒಂದಕ್ಕೊಂದು ತಾಗಿಬಿಟ್ಟಿದ್ರೆ ಇನ್ನೆಷ್ಟು ತಿರುಗಿಸಿದ್ರೂ ಅವು ಒಂದನ್ನೊಂದು ಒತ್ತುತ್ತವೆ, ಪೋಸ್ಟನ್ನ ಅಲ್ಲ.

5. ಬಿಗಿ ಮಾಡಿ, ಒಂದು ರೌಂಡ್ ಹೊಡೆದು ಬಂದು ಮತ್ತೆ ನೋಡಿ. ಪೇಂಟು, ಕೊಳೆ ಎಲ್ಲಾ ಒತ್ತಿಕೊಂಡು ಎಳೆತ ಸ್ವಲ್ಪ ಇಳಿದಿರುತ್ತೆ.

6. ಪೋಸ್ಟಿನ ಮೇಲೆ, ಫ್ರೇಮಿನ ಬಾಯಿಗೆ ಸರಿಯಾಗಿ, ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ. ಮಾರ್ಕರಿನಲ್ಲಿ ಪೋಸ್ಟಿನಿಂದ ಕಾಲರಿಗೆ ಒಂದು ನೇರ ಗೆರೆ ಎಳೀರಿ. ಟೇಪ್ ಸುಕ್ಕಾದ್ರೆ ಇಳಿದಿದೆ, ಗೆರೆ ತುಂಡಾದ್ರೆ ತಿರುಗಿದೆ. ಊಹೆ ಬೇಡ, ಸಾಕ್ಷಿ ಅಲ್ಲೇ ಇದೆ.

ಲಿವರ್ ಇರೋ ಸೈಕಲ್ಲಾದ್ರೆ

ಬೋಲ್ಟಿನ ಬದಲು ಕೈಯಲ್ಲೇ ಮಡಚೋ ಕ್ವಿಕ್ ರಿಲೀಸ್ ಲಿವರ್ ಇದ್ರೆ, ಅದನ್ನ ನಲ್ಲಿ ತಿರುಗಿಸಿದಂತೆ ಗರಗರ ತಿರುಗಿಸಿ ಬಿಡೋರು ಬಹಳ ಜನ. ಅದು ಕೆಲಸ ಮಾಡೋದು ಹಾಗಲ್ಲ. ಲಿವರಿನ ಬುಡದಲ್ಲಿ ಒಂದು ಕ್ಯಾಮ್ ಇದೆ, ಮಡಚಿದಾಗ ಅದು ಎಳೆಯುತ್ತೆ. ಎದುರು ಬದಿಯ ನಟ್ಟನ್ನ ಎಷ್ಟು ತಿರುಗಿಸಬೇಕು ಅಂದ್ರೆ, ಲಿವರ್ ನೇರವಾಗಿ ಹೊರಕ್ಕೆ ಚಾಚಿದಾಗ ಬಿಗಿ ಶುರುವಾಗಬೇಕು, ಪೂರ್ತಿ ಮಡಚೋಕೆ ಅಂಗೈ ಬಲ ಬೇಕು, ಮಡಚಿದ ಮೇಲೆ ಅಂಗೈಯಲ್ಲಿ ಅದರ ಅಚ್ಚು ಉಳಿಯಬೇಕು. ಬೆರಳಲ್ಲಿ ಮುಚ್ಚಿತು ಅಂದ್ರೆ ಸಡಿಲ ಅಂತ್ಲೇ ಅರ್ಥ. ಕ್ಯಾಮಿಗೂ ಒಂದು ಹನಿ ಎಣ್ಣೆ ಬೇಕು.

ಮುರಿದ ಬೋಲ್ಟಿನ ಜಾಗಕ್ಕೆ ನಾವು ಲಿವರ್ ಇರೋ ಕಾಲರ್ ಹಾಕಿದ್ವಿ, ಮೂವರ ಎತ್ತರವೂ ಬೇರೆ ಬೇರೆ ಅಲ್ವಾ. ಪೋಸ್ಟಿನ ಮೇಲೆ ಮೂರು ಟೇಪುಗಳಿವೆ. ರಾಜ್ಯೋತ್ಸವದ ಅಲಂಕಾರಕ್ಕೆ ತಂದು ಉಳಿದಿದ್ದ ಹಳದಿ, ಕೆಂಪು, ಜೊತೆಗೆ ಒಂದು ಬಿಳಿ. ವಿಜಯಪುರದವನದು ಹಳದಿ, ಎಲ್ಲಕ್ಕಿಂತ ಕೆಳಗೆ, ಅಂದ್ರೆ ಸೀಟು ಎಲ್ಲಕ್ಕಿಂತ ಮೇಲೆ.

ಎತ್ತರ ಎಷ್ಟಿರಬೇಕು?

ತಪ್ಪು ಎತ್ತರದಲ್ಲಿ ಸೀಟನ್ನ ಗಟ್ಟಿಯಾಗಿ ನಿಲ್ಲಿಸಿ ಏನು ಪ್ರಯೋಜನ? ಸುಲಭದ ಪರೀಕ್ಷೆ ಹಿಮ್ಮಡಿಯದು. ಸೀಟಿನ ಮೇಲೆ ಕೂತು ಪೆಡಲನ್ನ ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು, ಸೊಂಟ ವಾಲಬಾರದು. ಆಮೇಲೆ ಮಾಮೂಲಿನಂತೆ ಮುಂಗಾಲಲ್ಲಿ ತುಳಿದಾಗ ಮಂಡಿ ಸ್ವಲ್ಪ ಮಡಚಿರುತ್ತೆ. ಹ್ಯಾಮ್ಲಿ ಮತ್ತು ಥಾಮಸ್ ಅನ್ನೋ ಇಬ್ಬರು 1967ರಲ್ಲಿ ಕೊಟ್ಟ ಲೆಕ್ಕವೂ ಇದೆ: ಕಾಲಿನ ಒಳ ಉದ್ದದ 109 ಪರ್ಸೆಂಟು, ಪೆಡಲಿನಿಂದ ಸೀಟಿನ ಮೇಲ್ಭಾಗಕ್ಕೆ. ವಿಜಯಪುರದವನ ಕಾಲು 86 ಸೆಂಟಿಮೀಟರ್. ಲೆಕ್ಕದಂತೆ 93.7 ಬೇಕು. ಅವನು ಎರಡು ತಿಂಗಳು ಓಡಿಸಿದ್ದು 87, 88ರಲ್ಲಿ.

ಸೀಟು ತೀರಾ ಕೆಳಗಿದ್ರೆ ಮಂಡಿ ಹೆಚ್ಚು ಮಡಚಿದ ಸ್ಥಿತಿಯಲ್ಲೇ ಬಲ ಹಾಕಬೇಕಾಗುತ್ತೆ, ಮಂಡಿಚಿಪ್ಪಿನ ಮೇಲೆ ಒತ್ತಡ ಜಾಸ್ತಿ, ನೋವು ಮುಂದೆ ಬರುತ್ತೆ. ತೀರಾ ಮೇಲಿದ್ರೆ ಮಂಡಿಯ ಹಿಂದೆ ಬರುತ್ತೆ. ಅವನದು ಮುಂದಿನದು. ಹಳದಿ ಟೇಪ್ ಸುತ್ತಿ ಮೂರು ವಾರಕ್ಕೆ ಅವನು ರೇಲಿಂಗ್ ಬಿಟ್ಟ. ಎಲ್ಲಾ ಮಂಡಿನೋವೂ ಸೀಟಿನದೇ ಅಂತ ನಾವು ಹೇಳ್ತಿಲ್ಲ. ನೋವು ಹೋಗದಿದ್ರೆ ಡಾಕ್ಟರ್ ಹತ್ರಾನೇ ಹೋಗಿ. ಆದರೆ ಸೀಟು ನೋಡೋಕೆ ಐದು ನಿಮಿಷ ಸಾಕು, ಅದನ್ನೂ ನೋಡಿ.

ಮಂಡ್ಯ ಕಡೆಯ ಹಳೇ ಸೈಕಲ್

ಇಷ್ಟೆಲ್ಲಾ ಕಲಿತು ಜ್ಞಾನಿಗಳಾದ ಮೇಲೆ ರಜೆಯಲ್ಲಿ ಮಂಡ್ಯದವನ ಊರಿಗೆ ಹೋದ್ವಿ. ಅವನ ಅಪ್ಪ ದಿನಾ ಬೆಳಿಗ್ಗೆ ಹಳೇ ಕಪ್ಪು ಸೈಕಲ್ಲಿಗೆ ಎರಡು ಹಾಲಿನ ಕ್ಯಾನ್ ನೇತು ಹಾಕ್ಕೊಂಡು ಡೇರಿಗೆ ಹೋಗ್ತಾರೆ. ಆ ಸೈಕಲ್ಲಿನ ಸೀಟು ಕೂತಾಗ ಮೂಗು ಮೇಲಕ್ಕೆತ್ತುತ್ತೆ. ಅಡಿಗೆ ಟೈರಿನ ತುಂಡು ತುರುಕಿ ಹಗ್ಗ ಬಿಗಿದಿದ್ರು. ಹಾಗೇ ಎಷ್ಟೋ ವರ್ಷ ನಡೆದಿತ್ತು.

ಈ ಸೈಕಲ್ಲುಗಳಲ್ಲಿ ಪೋಸ್ಟಿನ ಮೇಲ್ತುದಿ 22.2 ಮಿಮೀ, ಅಂದ್ರೆ ಮುಕ್ಕಾಲು ಇಂಚಿಗೂ ಚೂರು ಜಾಸ್ತಿ, ಸರಿಯಾಗಿ 7/8 ಇಂಚು. ಅದರ ಮೇಲೆ ಸೀಟಿನ ಕ್ಲಿಪ್ ಕೂರುತ್ತೆ. ಒಂದು ಅಡ್ಡ ಬೋಲ್ಟು, ಎರಡೂ ತುದಿಗೆ ನಟ್ಟು, ನಡುವೆ ಹಲ್ಲು ಹಲ್ಲಿರೋ ಬಿಲ್ಲೆಗಳು. ಇಲ್ಲಿ ಮೂಗನ್ನ ಹಿಡಿಯೋದು ಬರೀ ಘರ್ಷಣೆ ಅಲ್ಲ, ಹಲ್ಲಿಗೆ ಹಲ್ಲು ಕೂತಿರುತ್ತೆ. ಸೀಟಿನ ಹಿಂಭಾಗದಲ್ಲಿ, ಪೋಸ್ಟಿನಿಂದ 10 ಸೆಂಟಿಮೀಟರ್ ಹಿಂದೆ, 500 ನ್ಯೂಟನ್ ಭಾರ ಬಿದ್ರೆ 50 ನ್ಯೂಟನ್-ಮೀಟರ್. ಹಲ್ಲು ಸರಿಯಾಗಿ ಕೂತಿದ್ರೆ ಅದನ್ನ ಸಲೀಸಾಗಿ ತಡೆಯುತ್ತೆ. ಸಡಿಲ ಇಟ್ಕೊಂಡೇ ಓಡಿಸಿದ್ರೆ ಹಲ್ಲಿನ ತುದಿಗಳು ಉಜ್ಜಿ ಸವೆದು ಬಿಲ್ಲೆ ನುಣ್ಣಗಾಗುತ್ತೆ. ಆಮೇಲೆ ದೇವರೇ ಬಂದು ಬಿಗಿ ಮಾಡಿದ್ರೂ ನಿಲ್ಲಲ್ಲ. ಅವರದು ಹಾಗೇ ಆಗಿತ್ತು. 80 ರೂಪಾಯಿಗೆ ಹೊಸ ಕ್ಲಿಪ್ ತಂದ್ವಿ. ಮೂಗನ್ನ ಸಮ ಮಾಡಿ, ಹಲ್ಲುಗಳು ಒಂದರೊಳಗೊಂದು ಕೂತಿವೆ ಅಂತ ನೋಡಿ, ಎರಡೂ ನಟ್ಟನ್ನ ಈಕಡೆ ಅರ್ಧ ಸುತ್ತು, ಆಕಡೆ ಅರ್ಧ ಸುತ್ತು ಅಂತ ಬಿಗಿ ಮಾಡಿದ್ವಿ. ಅದೇ ಬೋಲ್ಟು ಪೋಸ್ಟನ್ನೂ ಹಿಡಿಯೋದ್ರಿಂದ ಸೀಟು ತಿರುಗೋದೂ ನಿಂತ್ಹೋಯ್ತು. (ಹೊಸ ಸೈಕಲ್ಲುಗಳಲ್ಲಿ ಸೀಟಿನ ಕೆಳಗೆ ಎರಡು ಬೋಲ್ಟ್ ಇದ್ರೂ ಇದೇ ಕ್ರಮ, ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪ.)

ಎತ್ತರ ಮಾತ್ರ ಉಳೀತು. ನಮ್ಮ ಪೋಸ್ಟ್ ನಿಲ್ತಿರಲಿಲ್ಲ, ಅವರದು ಕದಲ್ತಿರಲಿಲ್ಲ, ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ರಾತ್ರಿಯಿಡೀ ಎಣ್ಣೆ ನೆನೆಸಿ, ಬೆಳಿಗ್ಗೆ ಪೈಪ್ ಪಾನದಲ್ಲಿ ತಿರುಗಿಸಿದಾಗ ಬಿಡ್ತು. ಮೊದಲು ತಿರುಗ್ತು, ಆಮೇಲೆ ಎದ್ದಿತು. ನಮ್ಮ ಥಿಯರಿಗೆ ಇನ್ನೊಂದು ಸಾಕ್ಷಿ. 109 ಪರ್ಸೆಂಟ್ ಲೆಕ್ಕ ಹಾಕಿ ಏಳು ಸೆಂಟಿಮೀಟರ್ ಏರಿಸಬೇಕು ಅಂತ ಘೋಷಿಸಿದ್ವಿ.

ಅವರು ನಕ್ಕರು. "ಅಷ್ಟೆತ್ತರ ಬ್ಯಾಡ ಕಣ್ರಪ್ಪಾ. ಕ್ಯಾನ್ ತುಂಬಿದ್ದಾಗ ನಿಲ್ಲಿಸಿದ್ರೆ ಕಾಲು ನೆಲಕ್ಕೆ ಎಟುಕ್ಬೇಕು. ಇಲ್ದಿದ್ರೆ ಹಾಲೂ ಹೋಯ್ತದೆ, ನಾನೂ ಹೋಯ್ತೀನಿ."

ಮೂವರೂ ಸುಮ್ಮನಾದ್ವಿ. ನಮ್ಮ ಲೆಕ್ಕದಲ್ಲಿ ಕ್ಯಾನ್ ಇರಲೇ ಇಲ್ಲ. ಎರಡೂ ಬದಿ ಹಾಲು ತುಂಬಿದ ಸೈಕಲ್ ವಾಲಿದ್ರೆ ಅದನ್ನ ಹಿಡಿಯೋದು ಅವರ ಒಂದು ಕಾಲು. ಕೊನೆಗೆ ಅವರೇ ಹತ್ತಿ ಇಳಿದು ಹತ್ತಿ ಇಳಿದು ನೋಡಿ, "ಹಾ, ಇಲ್ಲಿ" ಅಂದ ಕಡೆ ನಿಲ್ಲಿಸಿದ್ವಿ. ಎರಡು ಬೆರಳು ಮೇಲೆ. ನಮ್ಮ ಲೆಕ್ಕಕ್ಕಿಂತ ಕಮ್ಮಿ, ಮೊದಲಿಗಿಂತ ಜಾಸ್ತಿ. ಮಂಡಿನೋವಿನ ಬಗ್ಗೆ ಕೇಳಿದಾಗ ಅವರು "ವಯಸ್ಸಾಯ್ತು, ಬತ್ತದೆ" ಅಂತಿದ್ರು. ಅದು ಪೂರಾ ಹೋಯ್ತು ಅಂತ ಹೇಳಲ್ಲ. ಕಳೆದ ವಾರ ಮಗನಿಗೆ ಫೋನ್ ಮಾಡಿದಾಗ, ಡೇರಿ ಮುಂದಿನ ಏರಿನಲ್ಲಿ ಈಗ ಇಳಿದು ತಳ್ಳೋದಿಲ್ಲ ಅಂದ್ರಂತೆ. ಆಮೇಲೆ ಮಂಡ್ಯದವನು ಬಹಳ ಹೊತ್ತು ಮಾತಾಡಲಿಲ್ಲ. ಅವನ ಎರಡು ವರ್ಷದ ಫೀಸು ಆ ಏರಿನ ಮೇಲೇ ಬಂದಿದ್ದು.

ನಿಮ್ಮ ಸೈಕಲ್ಲಿನ ಸೀಟೂ ಮೂಗು ತಿರುಗಿಸ್ತಿದ್ರೆ ಸಂಜೆ ಸೈಕಲ್ ಸ್ಟ್ಯಾಂಡಿಗೆ ಬನ್ನಿ. ಅಲೆನ್ ಕೀ ಇದೆ, 13ರ ಪಾನ ಇದೆ, ಗ್ರೀಸ್ ಡಬ್ಬಿ ಇದೆ. ಪೈಪ್ ಮಾತ್ರ ಕೇಳಬೇಡಿ, ಅದನ್ನ ಬಚ್ಚಿಟ್ಟಿದೀವಿ.